‘ಆಂಟಿ’ ಅಂತಲೇ ಕರೆಯಲಿ ಬಿಡಿ

ದಾವಣಗೆರೆ ವಿದ್ಯಾನಗರದ ಸಹೋದರಿಗೆ ನಮಸ್ಕಾರ.

ಬಾಲಮಂದಿರದಿಂದ 12 ವರ್ಷದ ಹುಡುಗಿಯನ್ನು ಪೋಷಕತ್ವ ಯೋಜನೆಯಲ್ಲಿ (ಫಾಸ್ಟರ್ ಕೇರ್, ಅಂದರೆ ದತ್ತು ತೆಗೆದುಕೊಳ್ಳದೆ ಸಾಕುವುದು) ಮನೆಗೆ ಕರೆತಂದು ನಾಲ್ಕು ತಿಂಗಳಾಯಿತೆಂದು ಬರೆದಿದ್ದೀರಿ. ಅವಳು ಖಡಕ್ ರೊಟ್ಟಿಯನ್ನು ಪೇಪರಿನಲ್ಲಿ ಸುತ್ತಿ ಸ್ಕೂಲ್ ಬ್ಯಾಗಿನ ತಳದಲ್ಲಿ ಬಚ್ಚಿಡುತ್ತಾಳೆ, ನಿಮ್ಮನ್ನು ಇನ್ನೂ ‘ಆಂಟಿ’ ಅನ್ನುತ್ತಾಳೆ, ‘ದೊಡ್ಡ ಮಕ್ಕಳು ಹೊಂದಿಕೊಳ್ಳೋದಿಲ್ಲ’ ಅಂತ ನಾದಿನಿ ಚುಚ್ಚುತ್ತಾರೆ. ದತ್ತು ತೆಗೆದುಕೊಂಡರೆ ಸರಿಹೋದೀತೇ ಎಂದು ಕೇಳಿದ್ದೀರಿ.

ಮೊದಲು ರೊಟ್ಟಿ. ಅದನ್ನು ಕಳ್ಳತನ ಅನ್ನಬೇಡಿ. ನಾಳೆ ಊಟ ಸಿಗುತ್ತದೋ ಇಲ್ಲವೋ ಎಂಬ ಭಯದಲ್ಲಿ ಬೆಳೆದ ಮಗು ಹೊಟ್ಟೆ ತುಂಬಿದ ಮೇಲೂ ನಾಳೆಗೆಂದು ತೆಗೆದಿಡುತ್ತದೆ. ಅವಳ ಕೈಗೆಟಕುವ ಕಡೆ ಒಂದು ಡಬ್ಬಿ ಇಟ್ಟು, ‘ಇದು ನಿಂದೇ, ಯಾವಾಗ ಬೇಕಾದ್ರೂ ತಿನ್ನು’ ಅನ್ನಿ. ಖಾಲಿಯಾದಾಗ ಏನೂ ಕೇಳದೆ ತುಂಬಿಸಿ. ಬ್ಯಾಗ್ ಮಾತ್ರ ತಡಕಾಡಬೇಡಿ.

ಇನ್ನು ದತ್ತು. 2015ರ ಬಾಲನ್ಯಾಯ ಕಾಯ್ದೆಯಡಿ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಅವಳು ನಿಮ್ಮಲ್ಲಿದ್ದಾಳೆ. ಮೊದಲಾದರೆ ಐದು ವರ್ಷ ಸಾಕಿದ ಮೇಲಷ್ಟೇ ದತ್ತು ಕೇಳಬಹುದಿತ್ತು. 2024ರ ಮಾರ್ಗಸೂಚಿ ಅದನ್ನು ಎರಡು ವರ್ಷಕ್ಕೆ ಇಳಿಸಿದೆ. ಆದರೆ ಮಗುವನ್ನು ದತ್ತು ಕೊಡಬಹುದೆಂದು ಸಮಿತಿ ಘೋಷಿಸಿರಬೇಕು, ಅವಳ ಒಪ್ಪಿಗೆಯೂ ಬೇಕು. ಹೆತ್ತ ತಾಯಿ ಹೊಸದುರ್ಗದ ಕಡೆ ಇದ್ದಾರೆ ಅಂದಿದ್ದೀರಲ್ಲ, ಆ ಘೋಷಣೆ ಆಗಿದೆಯೇ ಎಂದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. ಆ ತಾಯಿಯ ಬಗ್ಗೆ ಮನೆಯಲ್ಲಿ ಒಂದು ಕೆಟ್ಟ ಮಾತೂ ಬೇಡ, ದಯವಿಟ್ಟು.

ಕಾಗದದ ಲೆಕ್ಕದಲ್ಲಿ ಪೋಷಕತ್ವ 18ಕ್ಕೆ ಮುಗಿಯುತ್ತದೆ. ‘ಆಮೇಲೂ ಇದೇ ನಿನ್ನ ಮನೆ’ ಅಂತ ಇವತ್ತೇ ಹೇಳಿ. ಅದಕ್ಕೆ ಯಾರ ಸಹಿಯೂ ಬೇಕಿಲ್ಲ. ಎಂಥ ಸಿಟ್ಟಿನಲ್ಲೂ ‘ವಾಪಸ್ ಬಿಟ್ಟು ಬರ್ತೀನಿ’ ಅನ್ನಬೇಡಿ. ದೊಡ್ಡ ಮಕ್ಕಳು ಆ ಒಂದು ಮಾತಿಗೇ ಕಿವಿಗೊಟ್ಟು ಕಾಯುತ್ತಿರುತ್ತಾರೆ.

ನಮ್ಮ ಸೋದರತ್ತೆ ತೀರಿಕೊಂಡ ಮೇಲೆ ಅವರ ಮಗ ಚಿತ್ರದುರ್ಗದ ನಮ್ಮ ಮನೆಗೆ ಬಂದ, 11 ವರ್ಷದವನು. ಅವ್ವ ಬೀರುವಿನಲ್ಲಿ ಒಂದು ಖಾನೆ ಖಾಲಿ ಮಾಡಿಕೊಟ್ಟಳು. ಅವನು ಬಟ್ಟೆಯನ್ನೆಲ್ಲ ತಂದ ಚೀಲದಲ್ಲೇ ಮಡಚಿ ಮಂಚದ ಕೆಳಗಿಟ್ಟುಕೊಂಡ. ಅವ್ವ ಯಾಕೆಂದು ಕೇಳಲಿಲ್ಲ. ಆ ಖಾನೆಯಲ್ಲಿ ನಮ್ಮ ಬಟ್ಟೆ ಇಡಲೂ ಬಿಡಲಿಲ್ಲ. ಒಂದೂವರೆ ವರ್ಷ ಅದು ಖಾಲಿ ಇತ್ತು. ಒಂದು ಯುಗಾದಿಗೆ ಹೊಸ ಅಂಗಿ ಕೊಡಿಸಿದಾಗ ತಾನೇ ಹೋಗಿ ಅಲ್ಲಿಟ್ಟ. ಕೊನೆಯವರೆಗೂ ಅವ್ವನನ್ನು ‘ಅತ್ತೆ’ ಅಂತಲೇ ಕರೆದ. ಅವ್ವ ಹಾಸಿಗೆ ಹಿಡಿದಾಗ ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿಗೆ ಬಂದು, ತಿಂಗಳುಗಟ್ಟಲೆ ಪಕ್ಕದಲ್ಲೇ ಕೂತವನು ಅವನೇ.