ಒಂದೇ ಕೌಂಟಿಗೆ ಎರಡು ಆದಾಯ: ಯಾವುದನ್ನು ನಂಬುವುದು?

ಪ್ರಶ್ನೆ: ನನ್ನ ಮಗಳಿಗೆ ಅಮೆರಿಕದ ಟೆಕ್ಸಸ್ ರಾಜ್ಯದ ಚಿಕ್ಕ ಕೌಂಟಿಯೊಂದರ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಶಾಲೆಯಲ್ಲಿ ಕೆಲಸ ಸಿಕ್ಕಿದೆ. ಅಲ್ಲಿನ ಮನೆಗಳ ಮಧ್ಯಾಂಕ ಆದಾಯ, ಅಂದರೆ ಅರ್ಧ ಮನೆಗಳು ಅದಕ್ಕಿಂತ ಮೇಲೆ, ಅರ್ಧ ಕೆಳಗೆ ಇರುವ ಆದಾಯ, ಎಷ್ಟೆಂದು ಹುಡುಕಿದೆ. ಜನಗಣತಿ ಸಂಸ್ಥೆಯೇ ಒಂದೇ ಕೌಂಟಿಗೆ ಎರಡು ಬೇರೆ ಬೇರೆ ಅಂಕಿ ಕೊಟ್ಟಿದೆ. ಯಾವುದು ಸರಿ? ಪಕ್ಕದ ಕೌಂಟಿಯ ಅಂಕಿಯನ್ನೂ ಸೇರಿಸಿ ಸರಾಸರಿ ತೆಗೆಯಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎರಡೂ ಸರಿ. ಆದರೆ ಎರಡೂ ಅಂದಾಜುಗಳೇ, ಮತ್ತು ಎರಡನ್ನು ತಯಾರಿಸಿದ ಬಗೆ ಬೇರೆ. ಮಾದರಿ ಸಮೀಕ್ಷೆಗಾಗಿ ಕರ್ನಾಟಕದ ಹಳ್ಳಿಗಳಲ್ಲಿ ಮನೆಮನೆ ಸುತ್ತಿದವನು ನಾನು. ‘ವರಮಾನ ಎಷ್ಟು’ ಎಂದು ಕೇಳಿದೊಡನೆ ಮನೆಯೊಡೆಯ ಮಾತು ಬದಲಿಸುವುದನ್ನು ಬಹಳ ಸಲ ಕಂಡಿದ್ದೇನೆ. ಆದ್ದರಿಂದ ಆದಾಯದ ಯಾವ ಅಂಕಿ ಕಣ್ಣಿಗೆ ಬಿದ್ದರೂ ನಾನು ಮೊದಲು ಕೇಳುವುದು ಇದು: ಎಷ್ಟು ಮನೆಗಳನ್ನು ವಿಚಾರಿಸಿ ಇದನ್ನು ಹೇಳಿದ್ದಾರೆ?

ನೀವು ನೋಡಿದ ಒಂದು ಅಂಕಿ ಅಮೆರಿಕನ್ ಕಮ್ಯುನಿಟಿ ಸರ್ವೆಯದು, ಅಂದರೆ ಜನಗಣತಿ ಸಂಸ್ಥೆ ನಡೆಸುವ ಮಾದರಿ ಸಮೀಕ್ಷೆಯದು. ಅದು ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳನ್ನು ಆರಿಸಿಕೊಳ್ಳುತ್ತದೆ. ಸಂಖ್ಯೆ ದೊಡ್ಡದೇ, ಆದರೆ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳಿಗೆ ಹಂಚಿದರೆ ಚಿಕ್ಕ ಕೌಂಟಿಯ ಪಾಲಿಗೆ ಬರುವ ಮನೆಗಳು ತೀರಾ ಕಡಿಮೆ. ಅದಕ್ಕೇ ಜನಸಂಖ್ಯೆ 65,000 ದಾಟಿದ ಪ್ರದೇಶಗಳಿಗೆ ಮಾತ್ರ ಒಂದು ವರ್ಷದ ಪೂರ್ಣ ಅಂದಾಜನ್ನು ಅವರು ಪ್ರಕಟಿಸುತ್ತಾರೆ. ಉಳಿದವಕ್ಕೆ ಐದು ವರ್ಷಗಳ ಉತ್ತರಗಳನ್ನು ಒಟ್ಟುಗೂಡಿಸಿ, ಕೊನೆಯ ವರ್ಷದ ಡಾಲರ್ ಬೆಲೆಗೆ ಹೊಂದಿಸಿ ಕೊಡುತ್ತಾರೆ. ಟೆಕ್ಸಸ್‌ನ ಲವಿಂಗ್ ಕೌಂಟಿಯಲ್ಲಿ 2020ರ ಜನಗಣತಿಗೆ ಸಿಕ್ಕವರು 64 ಮಂದಿ. ಅಲ್ಲಿ ನಾಲ್ಕು ಮನೆಗಳ ಉತ್ತರ ಬದಲಾದರೆ ಇಡೀ ಕೌಂಟಿಯ ಮಧ್ಯಾಂಕವೇ ಅಲುಗಾಡುತ್ತದೆ.

ಇನ್ನೊಂದು ಅಂಕಿ ಅದೇ ಸಂಸ್ಥೆಯ ‘ಸ್ಮಾಲ್ ಏರಿಯಾ ಇನ್‌ಕಮ್ ಅಂಡ್ ಪಾವರ್ಟಿ ಎಸ್ಟಿಮೇಟ್ಸ್’ (ಚಿಕ್ಕ ಪ್ರದೇಶಗಳ ಆದಾಯ ಮತ್ತು ಬಡತನದ ಅಂದಾಜು) ಕಾರ್ಯಕ್ರಮದ್ದು. ಇದು ಒಂದೇ ವರ್ಷಕ್ಕೆ ಸಂಬಂಧಿಸಿದ್ದು. ಇದೇ ಕಾರ್ಯಕ್ರಮ ಲೆಕ್ಕಹಾಕುವ ಬಡ ಮಕ್ಕಳ ಸಂಖ್ಯೆಯನ್ನು ಆಧರಿಸಿ ಶಾಲೆಗಳಿಗೆ ಕೇಂದ್ರ ಸರ್ಕಾರದ ನೆರವು ಹಂಚಿಕೆಯಾಗುತ್ತದೆ, ಹಾಗಾಗಿ ನಿಮ್ಮ ಮಗಳ ಕಿವಿಗೂ ಈ ಹೆಸರು ಬೀಳಬಹುದು. ಇಲ್ಲಿ ಸಮೀಕ್ಷೆಯ ಉತ್ತರದ ಜೊತೆಗೆ ಆದಾಯ ತೆರಿಗೆ ವಿವರಗಳನ್ನೂ ಸರ್ಕಾರದ ಬೇರೆ ದಾಖಲೆಗಳನ್ನೂ ಬಳಸುತ್ತಾರೆ. ತೆರಿಗೆ ದಾಖಲೆಯೊಂದೇ ಸಾಕಾಗದು. ಒಂದೇ ಮನೆಯಿಂದ ಇಬ್ಬರು ಮೂವರು ಬೇರೆ ಬೇರೆಯಾಗಿ ವಿವರ ಸಲ್ಲಿಸಿರಬಹುದು, ಬಡ ವೃದ್ಧರು ಸಲ್ಲಿಸದೆಯೂ ಇರಬಹುದು. ಆದ್ದರಿಂದ ಇಂಥ ದಾಖಲೆಗಳಿರುವ ಕೌಂಟಿಯಲ್ಲಿ ಮಧ್ಯಾಂಕ ಎಷ್ಟಿರಬೇಕೆಂದು ಒಂದು ಸಮೀಕರಣದಿಂದ ಊಹಿಸಿ, ಆ ಊಹೆಯನ್ನು ಸಮೀಕ್ಷೆಯ ಉತ್ತರದೊಡನೆ ಬೆರೆಸುತ್ತಾರೆ.

ಬೆರೆಸುವ ಪ್ರಮಾಣದಲ್ಲಿಯೇ ಇದರ ಜಾಣ್ಮೆಯಿದೆ. ವಿವರಣೆಗೆಂದು ನಾನೇ ಕಟ್ಟಿದ ಒಂದು ಲೆಕ್ಕ ನೋಡಿ. ಸಮೀಕ್ಷೆ 52,000 ಡಾಲರ್ ಎನ್ನುತ್ತದೆ, ಅದರ ಪ್ರಮಾಣಿತ ದೋಷ (ಅಂದಾಜು ನಿಜದಿಂದ ಸಾಮಾನ್ಯವಾಗಿ ಎಷ್ಟು ತಪ್ಪಬಹುದೆಂಬ ಅಳತೆ) 8,000. ಸಮೀಕರಣ 60,000 ಎನ್ನುತ್ತದೆ, ಅದರ ದೋಷ 4,000. ದೋಷಗಳ ವರ್ಗ (8×8 ಮತ್ತು 4×4) 64 ಮತ್ತು 16ರ ಅನುಪಾತದಲ್ಲಿದೆ. ಯಾರ ದೋಷ ಹೆಚ್ಚೋ ಅವರ ಮಾತಿಗೆ ತೂಕ ಕಡಿಮೆ. ಹಾಗಾಗಿ ಸಮೀಕ್ಷೆಗೆ ಐದರಲ್ಲಿ ಒಂದು ಪಾಲು, ಸಮೀಕರಣಕ್ಕೆ ನಾಲ್ಕು ಪಾಲು, ಉತ್ತರ 58,400. ಅದೇ ದೊಡ್ಡ ಕೌಂಟಿಯಲ್ಲಿ ಸಮೀಕ್ಷೆಯ ದೋಷ 1,000ಕ್ಕೆ ಇಳಿದರೆ ಶೇ 94ರಷ್ಟು ತೂಕ ಸಮೀಕ್ಷೆಗೇ ಹೋಗುತ್ತದೆ. (ನಿಜವಾದ ಲೆಕ್ಕ ನಡೆಯುವುದು ಲಾಗರಿದಮ್‌ನಲ್ಲಿ, ತತ್ವ ಇದೇ.) ಅದೇ ಜನಗಣತಿ ಸಂಸ್ಥೆಯ ಸಂಖ್ಯಾಶಾಸ್ತ್ರಜ್ಞರಾದ ರಾಬರ್ಟ್ ಫೇ ಮತ್ತು ರೋಜರ್ ಹೆರಿಯಟ್ 1979ರಲ್ಲಿ ಸಾವಿರಕ್ಕಿಂತ ಕಡಿಮೆ ಜನರಿರುವ ಊರುಗಳ ತಲಾ ಆದಾಯ ಅಂದಾಜಿಸಲು ಈ ದಾರಿ ಹಿಡಿದರು. ಚಿಕ್ಕ ಊರಿನವರ ಮಾತನ್ನು ಕಡೆಗಣಿಸದೆ, ಅದರ ದೌರ್ಬಲ್ಯವನ್ನೂ ಮುಚ್ಚಿಡದೆ ಲೆಕ್ಕಹಾಕಿದ ಅವರ ಕೆಲಸದ ಮೇಲೆ ನನಗೆ ಅಪಾರ ಗೌರವವಿದೆ.

ಇತ್ತೀಚಿನ ಒಂದು ವರ್ಷದ ಸ್ಥಿತಿ ಬೇಕಾದರೆ ಎರಡನೆಯ ಅಂಕಿ ನೋಡಿ. ಮನೆಗಳ ವಯಸ್ಸು, ಬಾಡಿಗೆ ಮೊದಲಾದ ವಿವರಗಳೊಡನೆ ಹೋಲಿಸಬೇಕಾದರೆ ಐದು ವರ್ಷದ್ದು ಒಳ್ಳೆಯದು. ಯಾವುದನ್ನು ಬಳಸಿದರೂ ಅದರ ಪಕ್ಕದಲ್ಲೇ ಕೊಟ್ಟಿರುವ ಶೇ 90ರ ವಿಶ್ವಾಸದ ಅಂತರವನ್ನು (ನಿಜವಾದ ಅಂಕಿ ಯಾವ ಎರಡು ಮಿತಿಗಳ ನಡುವೆ ಇರಬಹುದೆಂಬ ಅಂದಾಜು) ದಯವಿಟ್ಟು ಓದಿ. ಎರಡು ಕೌಂಟಿಗಳ ಅಂತರಗಳು ಬಹುಪಾಲು ಒಂದರ ಮೇಲೊಂದು ಬಿದ್ದಿದ್ದರೆ ಇದು ಶ್ರೀಮಂತ, ಅದು ಬಡ ಎಂದು ತೀರ್ಪು ಕೊಡಬೇಡಿ.

ಇನ್ನು ಸರಾಸರಿಯ ಮಾತು: ಮಧ್ಯಾಂಕಗಳ ಸರಾಸರಿ ತೆಗೆಯಬೇಡಿ, ಅದು ಯಾರ ಮಧ್ಯಾಂಕವೂ ಆಗುವುದಿಲ್ಲ. ಯಾವ ಆದಾಯದ ಗುಂಪಿನಲ್ಲಿ ಎಷ್ಟು ಮನೆಗಳಿವೆ ಎಂಬ ಪಟ್ಟಿ ಐದು ವರ್ಷದ ಅಂಕಿಗಳಲ್ಲಿ ಸಿಗುತ್ತದೆ. ಎರಡೂ ಕೌಂಟಿಗಳ ಮನೆಗಳನ್ನು ಗುಂಪುವಾರು ಕೂಡಿಸಿ. ಒಟ್ಟು 1,000 ಮನೆಗಳಲ್ಲಿ 420 ಮನೆಗಳು 50,000 ಡಾಲರಿಗಿಂತ ಕೆಳಗಿವೆ, ಮುಂದಿನ 50,000–60,000ದ ಗುಂಪಿನಲ್ಲಿ 200 ಇವೆ ಎಂದುಕೊಳ್ಳಿ. 500ನೆಯ ಮನೆ ತಲುಪಲು ಆ 200ರಲ್ಲಿ 80 ಮನೆ ದಾಟಬೇಕು, ಅಂದರೆ ಹತ್ತು ಸಾವಿರದಲ್ಲಿ ನಾಲ್ಕು ಸಾವಿರ. ಎರಡೂ ಕೌಂಟಿ ಸೇರಿದ ಮಧ್ಯಾಂಕ ಸುಮಾರು 54,000 ಡಾಲರ್.