ಕೈಗೆ ಅಂಟುವ ಬಿಳಿ ಪುಡಿ

ಪ್ರಶ್ನೆ: ಹೊರಗೋಡೆಗೆ ಹೊಡೆಸಿದ ಪೇಂಟ್ ಎರಡೇ ಮಳೆಗಾಲಕ್ಕೆ ಪುಡಿಯಾಗಿ ಕೈಗೆ ಅಂಟುತ್ತಿದೆ. ಅಗ್ಗದ ಪೇಂಟಿಗೂ ದುಬಾರಿ ಪೇಂಟಿಗೂ ಒಳಗೆ ಏನು ವ್ಯತ್ಯಾಸ?
– ಓದುಗರು, ಸಾಗರ

ಉತ್ತರ: ಪೇಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ದುಡಿದವನಾಗಿ ಹೇಳುತ್ತೇನೆ, ನಿಮ್ಮ ಗೋಡೆಯಲ್ಲಿ ಸೋತಿರುವುದು ಬಣ್ಣವಲ್ಲ, ಅಂಟು. ಎಮಲ್ಷನ್‌ನಲ್ಲಿ (ನೀರಿನಲ್ಲಿ ಕಲಸಿದ ಪೇಂಟ್) ನೀರು ಆರಿದ ಮೇಲೆ ಗೋಡೆಯಲ್ಲಿ ಉಳಿಯುವುದು ಮುಖ್ಯವಾಗಿ ಮೂರು: ಗೋಡೆಯನ್ನು ಮರೆಮಾಡುವ ಟೈಟಾನಿಯಂ ಡೈಆಕ್ಸೈಡ್, ಗಾತ್ರ ತುಂಬುವ ಸುಣ್ಣಕಲ್ಲಿನ ಪುಡಿ ಅಥವಾ ಟಾಲ್ಕ್, ಇವೆಲ್ಲವನ್ನೂ ಅಂಟಾಗಿ ಹಿಡಿದಿಡುವ ಅಕ್ರಿಲಿಕ್ ರಾಳ. ರಾಳ, ಟೈಟಾನಿಯಂ ಎರಡೂ ದುಬಾರಿ. ಕಲ್ಲಿನ ಪುಡಿ ಅಗ್ಗ. ಬೆಲೆ ಇಳಿಸಬೇಕೆಂದರೆ ಪುಡಿ ಹೆಚ್ಚಿಸಿ ರಾಳ ಕಡಿಮೆ ಮಾಡುತ್ತಾರೆ. ಆಗ ಕಣಗಳ ನಡುವಿನ ಸಂದು ತುಂಬುವಷ್ಟು ರಾಳವಿರದೆ ಪದರ ತೂತುತೂತಾಗುತ್ತದೆ. ಮಲೆನಾಡಿನ ಮಳೆಗೆ ಅಷ್ಟು ಸಾಕು, ನೀರು ಇಳಿಯುತ್ತದೆ. ಇರುವ ರಾಳವನ್ನು ಬಿಸಿಲು ಕೊರೆಯುತ್ತದೆ, ಪುಡಿ ಉದುರುತ್ತದೆ.

ಡಬ್ಬಿ ಭಾರವಿದ್ದರೆ ಪೇಂಟ್ ಒಳ್ಳೆಯದು ಎಂಬ ಮಾತು ನಂಬಬೇಡಿ. ಕಲ್ಲಿನ ಪುಡಿ ರಾಳಕ್ಕಿಂತ ಎರಡು ಪಟ್ಟಿಗೂ ಹೆಚ್ಚು ತೂಕ. ಹೊರಗೋಡೆಗೆಂದೇ ಮಾಡಿದ ಪೂರ್ಣ ಅಕ್ರಿಲಿಕ್ ಪೇಂಟ್ ಕೇಳಿ. ಮಳೆ ಸೀಮೆಗೆ ಬೂಷ್ಟು ತಡೆಯುವ ರಾಸಾಯನಿಕವೂ ಅದರಲ್ಲಿರಬೇಕು. ಸೀಸದ ವಿಷಯವನ್ನೂ ಹೇಳಿಬಿಡುತ್ತೇನೆ: 2017ರ ನವೆಂಬರ್‌ನಿಂದ ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರುವಂತಿಲ್ಲ. ಮಕ್ಕಳಿರುವ ಮನೆಯಲ್ಲಿ ಡಬ್ಬಿಯ ಮೇಲೆ ಸೀಸದ ಬಗ್ಗೆ ಬರೆದ ಸಾಲು ಓದದೆ ಕೊಳ್ಳಬೇಡಿ.

ಈಗಿನ ಪುಡಿಯ ಮೇಲೇ ಹೊಸದು ಹೊಡೆಸಿದರೆ ಅದೂ ಕಿತ್ತು ಬರುತ್ತದೆ. ಬ್ರಷ್‌ನಿಂದ ಉಜ್ಜಿ ತೊಳೆಸಿ, ಪೂರ್ತಿ ಒಣಗಿದ ಮೇಲೆ ಪ್ರೈಮರ್ (ಪೇಂಟಿಗೆ ಮೊದಲು ಹೊಡೆಯುವ ಅಡಿಪದರ) ಹಾಕಿಸಿ. ಪೇಂಟಿಗೆ ಡಬ್ಬಿಯಲ್ಲಿ ಬರೆದಷ್ಟೇ ನೀರು ಬೆರೆಸಲಿ, ಪಕ್ಕದಲ್ಲೇ ನಿಂತು ನೋಡಿ.