ಕಾರವಾರದಲ್ಲಿ ಶಟಲ್ ಆಡಿದವರು ಬೆಂಗಳೂರಿನಲ್ಲಿ ಸ್ಕ್ವಾಷ್ ಶುರು ಮಾಡಬಹುದಾ?

ಖಂಡಿತ ಮಾಡಬಹುದು. ಸ್ಕ್ವಾಷ್ ಅಂದರೆ ಮುಚ್ಚಿದ ಕೋರ್ಟಿನಲ್ಲಿ ರ್‍ಯಾಕೆಟ್‌ನಿಂದ ಚೆಂಡನ್ನು ಗೋಡೆಗೆ ಹೊಡೆದು ಆಡುವ ಆಟ. ಶಟಲ್‌ನಲ್ಲಿ ಪಳಗಿದ ಮಣಿಕಟ್ಟು, ಕಾರವಾರದ ಮಾಲಾದೇವಿ ಮೈದಾನದಲ್ಲಿ ಓಡಿದ ಕಾಲು ಎರಡೂ ಇಲ್ಲಿ ಉಪಯೋಗಕ್ಕೆ ಬರುತ್ತವೆ. ಕೋರ್ಟ್ 9.75 ಮೀಟರ್ ಉದ್ದ, 6.4 ಮೀಟರ್ ಅಗಲ, ನಾಲ್ಕೂ ಕಡೆ ಗೋಡೆ. ಅದಕ್ಕೇ ದುಡ್ಡು ಕಟ್ಟುವ ಮೊದಲು ಒಳಗೆ ಹೋಗಿ ನೋಡಿ. ಮರದ ನೆಲ ಜಾರಬಾರದು, ಗಾಳಿ ಆಡಬೇಕು. ಅಪಾರ್ಟ್‌ಮೆಂಟ್ ಕ್ಲಬ್‌ಹೌಸ್‌ಗಳಲ್ಲೂ ಕೋರ್ಟ್ ಇರುತ್ತದೆ, ಆದರೆ ಕಲಿಸುವವರು ಇದ್ದಾರಾ ಅಂತ ಕೇಳಿಕೊಳ್ಳಿ. ನನ್ನ ಪ್ರಕಾರ ಅದೇ ಮುಖ್ಯ.

ಚೆಂಡಿನ ವಿಷಯದಲ್ಲಿ ಅವಸರ ಬೇಡ. ಎರಡು ಹಳದಿ ಚುಕ್ಕಿಯ ಚೆಂಡು ಚೆನ್ನಾಗಿ ಹೊಡೆದು ಬಿಸಿ ಮಾಡದಿದ್ದರೆ ಪುಟಿಯುವುದೇ ಇಲ್ಲ, ಹೊಸಬರು ಸುಮ್ನೆ ಬೇಜಾರಾಗುತ್ತಾರೆ. ಜಾಸ್ತಿ ಪುಟಿಯುವ ನೀಲಿ ಚುಕ್ಕಿಯದ್ದು ತಗೊಳ್ಳಿ. ನೆಲಕ್ಕೆ ಗುರುತು ಬೀಳದ ಶೂ, ಕಣ್ಣಿಗೆ ರಕ್ಷಣೆಯ ಕನ್ನಡಕ ಬೇಕೇ ಬೇಕು. 2028ರ ಒಲಿಂಪಿಕ್ಸ್‌ನಲ್ಲೂ ಈ ಆಟ ಇದೆ, ಧೈರ್ಯವಾಗಿ ಶುರು ಮಾಡಿ.